ಮಾಮನ ಹೊಸ್ತಿಲು ದಾಟದ ಇಂಟರ್ನೆಟ್ಟು

ಶಹಾಪುರದಲ್ಲಿ ಇಂಟರ್ನೆಟ್ಟನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಬಿಡಿಸುವ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ! ಇದು ಮಾತಿನ ಅಲಂಕಾರವಲ್ಲ, ಬೇಕಾದವರು ಹೋಗಿ ನೋಡಿ ಬರಬಹುದು. ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇದೆ. ಅಂಗಡಿಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಗಿರಾಕಿಗಳು ಚಪ್ಪಲಿ ಬಿಡುವ ಜಾಗ. ಅದರ ಪಕ್ಕದಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ಮೋಡೆಮ್ಮು ಮತ್ತು ಒಂದು ಮುದಿ ಲ್ಯಾಪ್‌ಟಾಪು. ಇಂಟರ್ನೆಟ್ಟಿಗೆ ಪ್ರವೇಶ ಅಲ್ಲಿಯವರೆಗೆ ಮಾತ್ರ. ನೀವು ವಾಟ್ಸಾಪಿನಲ್ಲಿ ಮದುಮಗನ ಫೋಟೋ ಕಳಿಸಿದಿರಾ? ಅದು ಕಟ್ಟೆಯ ಮೇಲೆ ಇಳಿಯಬೇಕು, ಪೆನ್‌ಡ್ರೈವ್ ಹತ್ತಬೇಕು, ಎರಡೆರಡು ಸಲ ವೈರಸ್ ತಪಾಸಣೆ ಮುಗಿಸಬೇಕು, ಕೈಕಾಲು ತೊಳೆದುಕೊಂಡ ನೆಂಟರ ಹಾಗೆ ಆಮೇಲೆ ಒಳಗೆ ಬರಬೇಕು.

ಒಳಗೆ ಇರುವುದು ದೊಡ್ಡ ಕಂಪ್ಯೂಟರು. ಒಂದು ಕಾಲಕ್ಕೆ ಬಿಳಿ ಇದ್ದದ್ದು, ಈಗ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದೆ. ಅದಕ್ಕೆ ನಮ್ಮ ಅತ್ತೆ ತಮ್ಮ ಹಳೆಯ ಸೀರೆಯಲ್ಲಿ ಹೊಲಿದುಕೊಟ್ಟ ಗೌನು ಇದೆ. ಅಮಾವಾಸ್ಯೆಗೊಮ್ಮೆ ಅದರ ಹಣೆಗೆ ವಿಭೂತಿ ಬೀಳುತ್ತದೆ. ಪತ್ರಿಕೆ ಮಾಡುವ ಸಾಫ್ಟ್‌ವೇರಿನ ಸಿ.ಡಿ.ಯನ್ನು ಮಾಮ ಪ್ರಾಯದಲ್ಲಿ ಖುದ್ದಾಗಿ ಹೈದರಾಬಾದಿಗೆ ಹೋಗಿ ತಂದವರು. ಆ ಸಿ.ಡಿ. ಈಗ ಮನೆಯ ದೇವರ ಜಗಲಿಯ ಮೇಲೆ, ಗಂಟೆಯ ಬಲಗಡೆಗೆ ಇರುತ್ತದೆ. ಊದಿನಕಡ್ಡಿ ಬೆಳಗುವಾಗ ಅತ್ತೆ ಅದನ್ನೂ ಬಿಡುವುದಿಲ್ಲ.

ಬ್ರೌಸರಿನಲ್ಲಿ ನಡೆಯುವುದು ಮಾಮನ ದೃಷ್ಟಿಯಲ್ಲಿ ಸಾಫ್ಟ್‌ವೇರೇ ಅಲ್ಲ, ಬಾಡಿಗೆ ಮನೆ. “ಮಾಲಕ ಮುಂಜಾನಿ ಎದ್ದು ಗ್ವಾಡಿ ಕೆಡವಿದ್ರೂ ನೀ ಸುಮ್ನ ಕುಂದ್ರಬೇಕು” ಎನ್ನುತ್ತಾರೆ. ನಾನೋ, ಯಾದಗಿರಿಯ ಒಂದು ಕಚೇರಿಯಲ್ಲಿ ಡಾಟಾ ಎಂಟ್ರಿ ಮಾಡುವವಳು. ನಾನು ಉಣ್ಣುವ ರೊಟ್ಟಿಯೇ ವೆಬ್ ಪೋರ್ಟಲಿನದು. ಹೀಗಾಗಿ ನಾನು ಯಾವಾಗ ಶಹಾಪುರಕ್ಕೆ ಹೋದರೂ ನಮ್ಮಿಬ್ಬರಿಗೂ ಇದೇ ಜಗಳ, ಹನ್ನೊಂದು ವರ್ಷದಿಂದ.

ಹನ್ನೊಂದು ವರ್ಷ ಎಂದು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಅಷ್ಟು ವರ್ಷದಿಂದ ನನಗೆ ಶಹಾಪುರದಲ್ಲಿ ಕೂರಲು ಇರುವ ಜಾಗ ಮಾಮನ ಅಂಗಡಿ ಒಂದೇ. ನಾನು ಅಪ್ಪಾಜಿಯನ್ನು ಕೇಳದೆ ಮದುವೆಯಾದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬೇಳೆ ವ್ಯಾಪಾರ, ಕೊರಳಲ್ಲಿ ಲಿಂಗ. ನನ್ನ ಗಂಡ ಬಳಿಚಕ್ರ ಹಳ್ಳಿಯ, ಕುರಿ ಸಾಕುವ ಮನೆತನದವರು. ಈಗ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ, ಸೈದಾಪುರದಲ್ಲಿ ನಮ್ಮ ಸಂಸಾರ. ನಾನು ಅಪ್ಪಾಜಿಯನ್ನು ಕೇಳಲಿಲ್ಲವಲ್ಲ, ಅಪ್ಪಾಜಿಯೂ ನನ್ನನ್ನು ಕೇಳದೆ ಮನೆಯ ಪತ್ರಿಕೆಯಿಂದ ನನ್ನ ಹೆಸರು ತೆಗೆಸಿದರು. ಇಬ್ಬರೂ ಸರಿಸಮ ಆದೆವು.

ಪತ್ರಿಕೆಯಲ್ಲಿ ಹೆಸರಿಲ್ಲ ಅಂದರೆ ಏನು ಮಹಾ ಅಂದಿರಾ? ಹಾಗಾದರೆ ನೀವು ನಮ್ಮ ಕಡೆಯವರಲ್ಲ. ನಮ್ಮಲ್ಲಿ ಲಗ್ನಪತ್ರಿಕೆ ಕೈಗೆ ಬಂದರೆ ಯಾರೂ ಮುಹೂರ್ತ ನೋಡುವುದಿಲ್ಲ. ಮೊದಲು ಕೆಳಗಿನ ಹೆಸರುಗಳನ್ನು ನೋಡುತ್ತಾರೆ. ಯಾರು ಮೇಲೆ, ಯಾರು ಕೆಳಗೆ, ಯಾರು ಇಲ್ಲವೇ ಇಲ್ಲ. ತೀರಿಕೊಂಡ ಹಿರಿಯರು ಹೆಸರಿನ ಹಿಂದೆ ಲಿಂಗೈಕ್ಯ ಎಂಬುದರ ಗುರುತಾಗಿ ‘ಲಿಂ.’ ಹಚ್ಚಿಕೊಂಡು ಎಲ್ಲರಿಗಿಂತ ಮೇಲೆ ಕೂತಿರುತ್ತಾರೆ. ಅವರ ಕೆಳಗೆ ಇದ್ದವರು, ಅವರ ಕೆಳಗೆ ಗಂಡುಮಕ್ಕಳು, ಮಗಳು ಅಳಿಯಂದಿರು, ಕೊನೆಯ ಸಾಲಿನಲ್ಲಿ ಮೊಮ್ಮಕ್ಕಳು. ಸತ್ತವರಿಗೂ ಜಾಗವಿರುವ ಆ ಕಾಗದದಲ್ಲಿ ಬದುಕಿರುವ ನನಗೆ ಜಾಗವಿಲ್ಲ. ಈ ಹನ್ನೊಂದು ವರ್ಷದಲ್ಲಿ ಮದುವೆ, ಗೃಹಪ್ರವೇಶ ಎಂದು ನಮ್ಮ ಮನೆಯ ನಾಲ್ಕು ಪತ್ರಿಕೆಗಳು ಅಚ್ಚಾದವು. ನಾಲ್ಕನ್ನೂ ಮಾಡಿದವರು ಮಾಮ.

ಮಾಮನ ಕೆಲಸದ ಪದ್ಧತಿ ಗೊತ್ತಿದ್ದವರಿಗೆ ಇದು ಇನ್ನೂ ಚುಚ್ಚುತ್ತದೆ. ಅವರು ಪ್ರತಿ ಸಲವೂ ಹೊಸದಾಗಿ ಟೈಪು ಮಾಡುವವರಲ್ಲ. ಒಂದು ಮನೆತನಕ್ಕೆ ಒಂದು ಫೈಲು. ಗಿರಾಕಿ ಬಂದು “ನಮ್ಮ ಮನಿದು ತಗೀರಿ” ಅಂದರೆ ಸಾಕು, ಹಿಂದಿನ ಮದುವೆಯ ಪತ್ರಿಕೆ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಹುಟ್ಟಿದವರನ್ನು ಸೇರಿಸುತ್ತಾರೆ, ಹೋದವರಿಗೆ ‘ಲಿಂ.’ ಹಚ್ಚಿ ಮೇಲಕ್ಕೆ ಒಯ್ಯುತ್ತಾರೆ. ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾರ ಪಕ್ಕ ಯಾರನ್ನು ಕೂರಿಸಿದರೆ ಪೆಂಡಾಲು ಕಿತ್ತುಹೋಗುತ್ತದೆ, ಎಲ್ಲವೂ ಅವರಿಗೆ ಗೊತ್ತು. ಅಂಥ ಮಾಮನ ಬೆರಳೇ ನನ್ನ ಹೆಸರಿನ ಮೇಲೆ ಡಿಲೀಟ್ ಒತ್ತಿರಬೇಕಲ್ಲ? ನಾನು ಒಮ್ಮೆಯೂ ಕೇಳಲಿಲ್ಲ. ಅವರ ಅಂಗಡಿಯ ಚಹಾ ಕುಡಿದೆ, ಅವರ ಜೊತೆ ನಕ್ಕೆ, ಆದರೆ ಆ ಒಂದು ಸಿಟ್ಟು ಒಳಗೇ ಇತ್ತು.

ಈಗ ತಮ್ಮನ ಮದುವೆ ಬಂತು. ನಮ್ಮ ಮನೆಯಲ್ಲಿ ಇನ್ನು ಮದುವೆಯಾಗಲು ಉಳಿದವನು ಅವನೊಬ್ಬನೇ. ಇದರಲ್ಲೂ ನನ್ನ ಹೆಸರಿಲ್ಲವೆಂದರೆ ಮತ್ತೆ ಯಾವ ಪತ್ರಿಕೆಗೆ ಕಾಯಲಿ? ಅವ್ವ ಮೂರು ತಿಂಗಳಿಂದ ಅಪ್ಪಾಜಿಯ ಊಟದ ಹೊತ್ತಿಗೆ ಈ ಮಾತು ತೆಗೆಯುತ್ತಿದ್ದಳು. ಅಪ್ಪಾಜಿ ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಮಜ್ಜಿಗೆ ಕೇಳುತ್ತಿದ್ದರು.

ಅಷ್ಟರಲ್ಲಿ ಸುರಪುರದ ಬೀಗರು ಒಂದು ಲಿಂಕು ಕಳಿಸಿದರು. ಎರಡೂ ಮನೆಯವರು ಸೇರಿ ವೆಬ್‌ಸೈಟಿನಲ್ಲೇ ಪತ್ರಿಕೆ ಮಾಡೋಣ, ಯಾರು ಎಲ್ಲಿಂದ ಬೇಕಾದರೂ ತಿದ್ದಬಹುದು, ಅಂಗಡಿಗೆ ಅಲೆಯುವುದೇ ಬೇಡ ಎಂದು. ಅಪ್ಪಾಜಿ ಖುಷಿಯಾದರು. ಮಾಮ ಕೇಳಿದವರೇ ಕಂಪ್ಯೂಟರಿಗೆ ಗೌನು ಹಾಕಿ ಕಟ್ಟೆಯ ಮೇಲೆ ಬಂದು ಕೂತರು. ಅಕ್ಕನ ಮಗನ ಮದುವೆಯ ಪತ್ರಿಕೆ ಲಿಂಕಿನಲ್ಲಿ! ಅವರನ್ನು ಒಪ್ಪಿಸುವ ಕೆಲಸವನ್ನು ಅವ್ವ ನನಗೆ ಹಚ್ಚಿದಳು. “ನೀ ಹೇಳಿದ್ರ ಕೇಳ್ತಾನವಾ ನನ್ನ ತಮ್ಮ” ಎಂದಳು.

ಹೇಳಿದರೆ ಕೇಳುತ್ತಾರೆಯೇ? ಹಿಂದೊಮ್ಮೆ ನಾನು ಹಟ ಹಿಡಿದು ಆ ಕಟ್ಟೆಯ ಲ್ಯಾಪ್‌ಟಾಪಿನಲ್ಲಿ ಅವರಿಗೆ ಚಿತ್ರ, ಅಕ್ಷರ ಜೋಡಿಸುವ ಒಂದು ವೆಬ್‌ಸೈಟು ಕಲಿಸಿದ್ದೆ. ಮಾಮ ಬಹಳ ಶ್ರದ್ಧೆಯ ವಿದ್ಯಾರ್ಥಿ. ಯಾವ ಗುಂಡಿ ಎಲ್ಲಿದೆ ಎಂದು ಡೈರಿಯಲ್ಲಿ ನಕಾಶೆ ಬರೆದುಕೊಂಡರು. ಒಂದು ವಾರಕ್ಕೆ ಫೋನು ಬಂತು.

“ನೀ ಕಲಿಸಿದ್ರಾಗ ಕಳುವಾಗ್ಯಾದವಾ.”

“ಏನು ಕಳುವಾಗ್ಯಾದ್ರಿ ಮಾಮಾ?”

“ಪ್ರಿಂಟಿನ ಗುಂಡಿ. ಬಲಕ್ಕ ಮ್ಯಾಲ ಇತ್ತು, ಡೈರ್ಯಾಗ ಬರದೀನಿ. ಇವತ್ತ ನೋಡಿದ್ರ ಆ ಜಾಗಾದಾಗ ಮೂರು ಚುಕ್ಕಿ ಕುಂತಾವ.”

“ಹೊಸಾದು ಬಂದಿರ್ಬೇಕ್ರಿ. ಅವರು ಆಗಾಗ ಸುಧಾರಣಾ ಮಾಡ್ತಿರ್ತಾರ.”

ಮಾಮ ಶಾಂತವಾಗಿ ಹೇಳಿದರು: “ನಮ್ಮ ಅಡಿಗಿಮನ್ಯಾಗ ಉಪ್ಪಿನ ಡಬ್ಬಿ ಮದುವಿ ಆದಾಗಿಂದ ಒಂದ ಕಡಿ ಅದ. ಜಾಗಾ ಬದಲಿಸೂದಿದ್ರ ನಿಮ್ಮತ್ತಿ ನನಗ ಹೇಳ್ತಾಳ. ಸಂಸಾರ ಮಾಡಾಕಿನೇ ಹೇಳಿ ಬದಲಿಸ್ತಾಳ ಅಂದ್ರ, ಇಂವ ಯಾವ ಊರಾಂವ ನನ್ನ ಕೇಳದ ಬದಲಿಸಾಕ?” ಅವನು ಯಾವ ಊರಿನವನೆಂದು ನಾನು ಹೇಳಲಿ? ಡೈರಿಯ ಆ ಹಾಳೆಯನ್ನು ಅವರು ಹರಿಯಲಿಲ್ಲ. ಕಳುವಿನ ಪುರಾವೆ ಎಂದು ಇಟ್ಟುಕೊಂಡಿದ್ದಾರೆ.

ಇನ್ನೊಮ್ಮೆ ಅಂಗಡಿಯ ಪರವಾನಗಿ ನವೀಕರಿಸಲು ಯಾದಗಿರಿಗೆ ಬಂದಿದ್ದರು. ಪೋರ್ಟಲಿನಲ್ಲಿ ನಾನೇ ತುಂಬಿಕೊಡುತ್ತೇನೆ ಎಂದು ಊಟದ ಬಿಡುವಿನಲ್ಲಿ ಕೂರಿಸಿಕೊಂಡೆ. ಹೆಸರು, ತಂದೆಯ ಹೆಸರು, ಓಣಿ, ವಾರ್ಡು, ಅಂಗಡಿಯ ಉದ್ದ ಅಗಲ. ಉದ್ದ ಅಗಲ ಅವರಿಗೆ ನೆನಪಿರಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅಂಗಡಿಯೊಳಗೆ ಹೆಜ್ಜೆ ಹಾಕಿ ಅಳೆದು ಹೇಳಿದರು. ಅದನ್ನು ತುಂಬಿ ಮುಂದಿನ ಗುಂಡಿ ಒತ್ತಿದೆ. ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ ಎಂದು ಬಂತು. ತುಂಬಿದ್ದೆಲ್ಲ ಖಾಲಿ.

ಮಾಮ ಕನ್ನಡಕ ಸರಿಮಾಡಿಕೊಂಡು ಓದಿದರು. “ಯಾರ ಸೆಷನ್ ಮುಗಿದದ? ನಾ ಇಲ್ಲೇ ಕುಂತೀನಿ, ನೀನೂ ಇಲ್ಲೇ ಕುಂತೀದಿ. ಎದ್ದು ಹೋದಾಂವ ಯಾವ?”

ಮತ್ತೆ ತುಂಬಿದೆವು. ಈ ಸಲ ಒಟಿಪಿ. ಅದು ಹೋದದ್ದು ಮಾಮನ ಫೋನಿಗೆ, ಫೋನು ಇದ್ದದ್ದು ಶಹಾಪುರದ ಮನೆಯಲ್ಲಿ. ಫೋನನ್ನು ಜೊತೆಗೆ ತೆಗೆದುಕೊಂಡು ತಿರುಗುವುದು ಮಾಮನಿಗೆ ಆಗದು, ಅದು ಮನೆಯ ಸಾಮಾನು ಎನ್ನುತ್ತಾರೆ. ನನ್ನ ಫೋನಿನಿಂದ ಅತ್ತೆಗೆ ಹಚ್ಚಿದೆ. ಅತ್ತೆಗೆ ಯಾವುದನ್ನೂ ಅವಸರದಲ್ಲಿ ಮಾಡಿ ಗೊತ್ತಿಲ್ಲ. ಕನ್ನಡಕ ಹುಡುಕಿ, ಸೆರಗಿನಿಂದ ಒರೆಸಿ, “ಮೊದಲನೇದು ಏಳು ನೋಡವಾ. ಬರಕೊಂಡ್ಯಾ?” ಎಂದು ಒಂದೊಂದೇ ಅಂಕಿಯನ್ನು ಆರತಿ ಎತ್ತಿದ ಹಾಗೆ ಹೇಳಿದರು. ಆರನೆಯದಕ್ಕೆ ಬರುವಷ್ಟರಲ್ಲಿ ಒಟಿಪಿಯ ಆಯಸ್ಸು ತೀರಿತ್ತು. ಮಾಮ ಎದ್ದು, ಟೋಪಿ ಹಾಕಿಕೊಂಡು, “ಕಾಗದದ ಅರ್ಜಿ ಎಲ್ಲಿ ಕೊಡ್ತಾರ?” ಎಂದು ಕೇಳಿ ನಡೆದೇಬಿಟ್ಟರು. ನಾನು ಮಾನ ಕಳೆದುಕೊಂಡು ಊಟದ ಡಬ್ಬಿ ತೆರೆದೆ.

ಇಂಥವರನ್ನು ನಾನು ಒಪ್ಪಿಸಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಸುರಪುರದಿಂದ ಹುಡುಗಿಯ ಸೋದರಮಾವ ಟ್ಯಾಬ್ ಹಿಡಿದುಕೊಂಡು ಮಾಮನ ಅಂಗಡಿಯ ಕಟ್ಟೆಗೆ ಬಂದರು. ಅವರೂ ಸೋದರಮಾವ, ಇವರೂ ಸೋದರಮಾವ. ಇಬ್ಬರೂ ಒಬ್ಬರಿಗೊಬ್ಬರು ಅತಿ ಮರ್ಯಾದೆಯಿಂದ “ಬರ್ರಿ, ಕುಂದರ್ರಿ” ಎಂದುಕೊಂಡರು. ನಾನು ಅಂದು ಅಲ್ಲೇ ಇದ್ದೆ.

“ನೋಡ್ರಿ, ಹಿಂಗ ಒತ್ತಿದ್ರಂದ್ರ ಪತ್ರಿಕಿ ಬಂದುಬಿಡ್ತದ” ಎಂದು ಸುರಪುರದವರು ಒತ್ತಿದರು. ಪರದೆಯ ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಆ ವಾರ ರಸ್ತೆ ಅಗಲ ಮಾಡುವವರು ಕೇಬಲ್ಲು ಕಡಿದಿದ್ದರು, ಮೊಬೈಲಿನ ನೆಟ್‌ವರ್ಕಿಗೂ ಉಬ್ಬಸ ಬಂದಿತ್ತು. ಮಾಮ ಚಹಾ ಹೇಳಿದರು. ಚಹಾ ಬಂತು, ಕುಡಿದಾಯಿತು. ಚಕ್ರ ತಿರುಗುತ್ತಲೇ ಇತ್ತು. ಸುರಪುರದವರು ಎದ್ದು ಕಟ್ಟೆಯ ಮೇಲೆ ನಿಂತು ಟ್ಯಾಬನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಎದುರಿನ ಕಿರಾಣಿ ಅಂಗಡಿಯವರು ಹೊರಗೆ ಬಂದು ನೋಡಿದರು. ಎರಡನೆಯ ಚಹಾ ಬಂತು.

ಮಾಮ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ, “ತಿರುಗಾಕತ್ತದ, ತಿರುಗಾಕತ್ತದ” ಎಂದರು. “ಗಿರಣಿ ಆಗಿದ್ರ ಇಷ್ಟೊತ್ತಿಗೆ ಒಂದ್ ಚೀಲ ಜ್ವಾಳ ಬೀಸಿ ಮುಗಿತಿತ್ತು ನೋಡ್ರಿ.”

ಸುರಪುರದವರು ನಕ್ಕರು, ಆದರೆ ಸೋಲಲಿಲ್ಲ. ತಪ್ಪು ನೆಟ್‌ವರ್ಕಿನದು, ಪತ್ರಿಕೆಯದಲ್ಲ ಎಂದರು. ಅದು ನ್ಯಾಯದ ಮಾತೇ. ಮನೆಯಲ್ಲಿ ಅಪ್ಪಾಜಿಯೂ ಅದನ್ನೇ ಹೇಳಿ, ಲಿಂಕಿನಲ್ಲೇ ಆಗಲಿ ಎಂದರಂತೆ.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಂತೋಷವಾಯಿತು. ಯಾಕೆಂದರೆ ಆ ಲಿಂಕು ತಮ್ಮನ ಕೈಯಿಂದ ನನಗೂ ಬಂದಿತ್ತು. ಲಿಂಕು ಇದ್ದವರೆಲ್ಲ ತಿದ್ದಬಹುದಲ್ಲವೇ? ಹನ್ನೊಂದು ವರ್ಷ ಯಾರಾದರೂ ಬರೆಯಲಿ ಎಂದು ಕಾದೆ. ಈಗ ಬರೆಯಲು ನನ್ನ ಬೆರಳೇ ಸಾಕು.

ಕಚೇರಿ ಬಿಟ್ಟು ಸೈದಾಪುರದ ರೈಲಿಗೆ ಕಾಯುತ್ತ ಯಾದಗಿರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಲಿಂಕು ತೆರೆದೆ. ಅಲ್ಲಿ ಸಂತೆ ನೆರೆದಿತ್ತು! ಎರಡೂ ಮನೆಯವರು ಹತ್ತಾರು ಕಡೆಯಿಂದ ಒಂದೇ ಪತ್ರಿಕೆಯೊಳಗೆ ಕೈ ಹಾಕಿದ್ದರು. ಹುಡುಗಿಯ ಅತ್ತೆಯನ್ನು ಒಬ್ಬರು ಮೇಲಕ್ಕೆ ಒಯ್ದರೆ ಇನ್ನೊಬ್ಬರು ಕೆಳಕ್ಕೆ ತಂದರು. ಯಾರದೋ ಕೈ ತಾಗಿ ಛತ್ರದ ವಿಳಾಸ ಗಣಪತಿಯ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು. ಎಲ್ಲಕ್ಕಿಂತ ದೊಡ್ಡ ಅನಾಹುತ ನಮ್ಮ ದೊಡ್ಡಪ್ಪನದು. ಅವರು ಲಿಂಗೈಕ್ಯರಾಗಿ ಆರು ವರ್ಷ. ಈ ಗದ್ದಲದಲ್ಲಿ ಅವರ ಹೆಸರಿನ ಹಿಂದಿನ ‘ಲಿಂ.’ ಹಾರಿಹೋಗಿ, ಅವರು ಜೀವಂತವಾಗಿ ಎದ್ದು ಬಂದು, ಸಕುಟುಂಬ ಸಪರಿವಾರ ತಾವೆಲ್ಲರೂ ಬರಬೇಕೆಂದು ಊರನ್ನು ಕರೆಯುತ್ತಿದ್ದರು.

ನಾನು ನಗುತ್ತಲೇ ಮಕ್ಕಳ ಸಾಲಿಗೆ ಹೋದೆ. ಅಣ್ಣನ ಹೆಸರಿನ ಮುಂದೆ ನನ್ನ ಹೆಸರು ಬರೆದೆ. ಬರೆದು ನೋಡಿದೆ. ಎಷ್ಟು ವರ್ಷವಾಗಿತ್ತು ಹಾಗೆ ನೋಡಿ! ಅಷ್ಟರಲ್ಲಿ ಒಂದು ಹಸಿರು ಗೆರೆ ನನ್ನ ಹೆಸರಿನ ಹತ್ತಿರ ಬಂದು ನಿಂತಿತು. ಬೇರೆ ಯಾರೋ ಅಲ್ಲಿಗೆ ಬಂದಿದ್ದಾರೆ ಎಂಬುದರ ಗುರುತು ಅದು. ಯಾರೆಂದು ಹೆಸರಿರಲಿಲ್ಲ, ಅನಾಮಿಕ ಎಂದಿತ್ತು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿತ್ತು. ಆಮೇಲೆ ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂತು. ಕೊನೆಯದೂ ಹೋದ ಮೇಲೆ ಪುಟದ ಮೂಲೆಯಲ್ಲಿ, ಎಲ್ಲ ಬದಲಾವಣೆಗಳನ್ನು ಉಳಿಸಲಾಗಿದೆ ಎಂದು ತೋರಿಸಿತು. ಯಾರು ಅಳಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ, ತಿಳಿದುಕೊಳ್ಳಲು ಹೋಗಲೂ ಇಲ್ಲ. ರೈಲು ಬಂದು ಹೋಯಿತು. ನಾನು ಹತ್ತಲಿಲ್ಲ. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಮಾಮನ ಮನೆಗೆ ಫೋನು ಹಚ್ಚಿದೆ. ನನ್ನ ದನಿ ಕೇಳಿ ಅವರು ಏನೂ ಕೇಳಲಿಲ್ಲ. “ಶನಿವಾರ ಬಾ” ಎಂದರು, ಇಟ್ಟರು.

ಶನಿವಾರ ಬರುವುದರೊಳಗೆ ಲಿಂಕಿನ ಪತ್ರಿಕೆ ಅಪ್ಪಾಜಿಯ ಕೈಗೆ ಪ್ರಿಂಟಾಗಿ ಬಂದಿತ್ತಂತೆ. ಒತ್ತಕ್ಷರಗಳೆಲ್ಲ ಮುನಿಸಿಕೊಂಡು ಪಕ್ಕಕ್ಕೆ ಸರಿದಿದ್ದವು. ಅದನ್ನಾದರೂ ಅಪ್ಪಾಜಿ ಸಹಿಸುತ್ತಿದ್ದರೇನೋ. ತೀರಿಹೋದ ಅಣ್ಣ ಮದುವೆಗೆ ಕರೆಯುತ್ತಿರುವುದನ್ನು ಕಂಡು ಪತ್ರಿಕೆಯನ್ನು ಕೆಳಗಿಟ್ಟುಬಿಟ್ಟರಂತೆ. “ಮನ್ಯಾಗ ಯಾರು ಇದ್ದಾರ, ಯಾರು ಹೋಗ್ಯಾರ ಅನ್ನೂದು ಗೊತ್ತಿದ್ದವರ ಕಡೆ ಮಾಡಸ್ರಿ” ಎಂದು ಅವ್ವನಿಗೆ ಹೇಳಿ ಮಾಮನಿಗೆ ಕರೆ ಕಳಿಸಿದರಂತೆ.

ನಾನು ಹೋದಾಗ ಮಾಮ ಗೌನು ತೆಗೆದು, ಕಂಪ್ಯೂಟರು ಚಾಲೂ ಮಾಡಿ ಕೂತಿದ್ದರು. “ಕುಂದ್ರು. ಹನ್ನೊಂದಕ್ಕ ನಿಮ್ಮಪ್ಪ ಬರ್ತಾರ, ಪ್ರೂಫ್ ಓದಾಕ” ಎಂದರು. ನಾನು ಚೀಲ ಎತ್ತಿಕೊಂಡೆ. “ಕುಂದ್ರು ಅಂದೆ” ಎಂದರು ಮಾಮ.

ನಮ್ಮ ಮನೆಯ ಫೈಲು ತೆರೆದರು. ಮೇಲೆ ಅಜ್ಜ, ಅಜ್ಜಿ, ಮತ್ತೆ ಲಿಂಗೈಕ್ಯರಾಗಿ ತಮ್ಮ ಜಾಗಕ್ಕೆ ಮರಳಿದ್ದ ದೊಡ್ಡಪ್ಪ. ಕೆಳಗೆ ಅಪ್ಪಾಜಿ, ಅವ್ವ. ಅಣ್ಣ, ಅತ್ತಿಗೆ. ಅವರ ಮಕ್ಕಳು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು. ಅದರಲ್ಲಿ ನನ್ನ ಹೆಸರು. ಪಕ್ಕದಲ್ಲಿ ನನ್ನ ಗಂಡನ ಹೆಸರು. ಮುಂದೆ ನನ್ನ ಮಗಳು, ಎರಡು ವರ್ಷದ ಹಿಂದೆ ಹುಟ್ಟಿದ ನನ್ನ ಮಗ.

“ಯಾವಾಗ ಹಾಕಿದ್ರಿ ಮಾಮಾ?”

“ಯಾವಾಗ ಏನು, ಹುಟ್ಟಿದಾಗೆಲ್ಲ ಹಾಕೀನಿ. ನಿನ್ನ ಹೆಸರಂತೂ ತಗದದ್ದೇ ಇಲ್ಲ.”

ನನಗೆ ತಲೆಬುಡ ತಿಳಿಯಲಿಲ್ಲ. ನಾಲ್ಕು ಪತ್ರಿಕೆಗಳನ್ನು ನಾನೇ ಕಣ್ಣಾರೆ ನೋಡಿದ್ದೆ. ಮಾಮ ನನ್ನ ಮುಖ ನೋಡಲಿಲ್ಲ, ಕೀಬೋರ್ಡಿನ ಮೇಲಿನ ಧೂಳು ಊದುತ್ತ ಹೇಳಿದರು.

“ನಿಮ್ಮಪ್ಪ ತಗೀರಿ ಅಂದ್ರು. ಅವರ ಮನಿ ಪತ್ರಿಕಿ, ಆಗಂಗಿಲ್ಲ ಅನ್ನಾಕ ನಾ ಯಾರು? ಉಳಿದ ತಿದ್ದುಪಡಿ ಎಲ್ಲಾ ಮಾಡಿ, ಮೊದಲ ಸೇವ್ ಮಾಡ್ತಿದ್ದೆ. ಕಡೀಗೆ ನಿಮ್ಮ ಸಾಲು ಅಳಸ್ತಿದ್ದೆ. ಪ್ರಿಂಟ್ ತಗೀತಿದ್ದೆ. ಮುಚ್ಚೂ ಮುಂದ ಇದು ಕೇಳ್ತದ, ಬದಲಿ ಮಾಡಿದ್ದು ಉಳಿಸ್ಲೇನು ಅಂತ. ಬ್ಯಾಡ ಅಂತಿದ್ದೆ. ಮುಚ್ಚೀನಿ ಅಂದ್ರ ನೀ ವಾಪಸ್ ಮನ್ಯಾಗ ಇರ್ತಿದ್ದಿ.”

ನಾನು ಪರದೆಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದೆ.

“ನಿಮ್ಮ ಆ ವೆಬ್‌ಸೈಟಿಗೆ ಕೇಳೂ ಪದ್ಧತಿ ಇಲ್ಲ ನೋಡವಾ. ಒಮ್ಮೆ ಅಳಿಸಿದ್ರ, ಅದ ಖರೆ ಅಂತ ತಾನೇ ಉಳಿಸ್ಕೊಂಡು ಬಿಡ್ತದ. ಸಿಟ್ಟಿನ್ಯಾಗ ಅಳಿಸಿದ್ದೂ ಖರೆ, ತಪ್ಪಿ ಅಳಿಸಿದ್ದೂ ಖರೆ. ಅಂಥಾದರ ಕೈಯಾಗ ಒಂದ್ ಮನಿ ಹ್ಯಾಂಗ ಕೊಡ್ಲಿ?”

ಹನ್ನೊಂದು ವರ್ಷ ಈ ಮನುಷ್ಯನನ್ನು ಹುಚ್ಚ ಎಂದು ಆಡಿಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಡಿಲೀಟ್ ಒತ್ತಿದವರು ಎಂದು ಒಳಗೇ ದೂರಿದ್ದೆ. ನನಗೆ ನಾಚಿಕೆಯಾಯಿತು. ಅವರ ಕಾಲು ಮುಟ್ಟಬೇಕೆನಿಸಿತು. ಮಾಮ ಅದಕ್ಕೆಲ್ಲ ಪುರಸೊತ್ತು ಕೊಡಲಿಲ್ಲ. “ಈ ಸಲ ಅಳಸಂಗಿಲ್ಲ” ಎಂದು ಪ್ರಿಂಟ್ ಒತ್ತಿದರು. “ಓದಲಿ. ಬೈದ್ರ ಬೈಸಿಕೋತೀನಿ. ನೀ ಒಳಗ ಹೋಗಿ ಲಕೋಟಿ ಎಣಸು.”

ಒಳಗೆ ಅಂದರೆ ಪ್ಲೈವುಡ್ಡಿನ ಅಡ್ಡಗೋಡೆಯ ಆಚೆ, ಕಾಗದ ಕತ್ತರಿಸುವ ಜಾಗ. ಅಪ್ಪಾಜಿ ಸಿಟ್ಟಾಗಿ ಎದ್ದು ಹೋದರೆ ನನಗೆ ಮುಚ್ಚಿದ ಬಾಗಿಲೇ ಮಾಮನಿಗೂ ಮುಚ್ಚುತ್ತದೆ, ಅಕ್ಕನ ಮನೆಯ ಬಾಗಿಲು. ಅದು ಗೊತ್ತಿದ್ದೂ ಅವರು ಪ್ರಿಂಟ್ ಒತ್ತಿದ್ದರು. ನಾನು ಲಕೋಟೆಗಳನ್ನು ಹಿಡಿದುಕೊಂಡು ಎಣಿಸದೆ ಕೂತೆ.

ಅಪ್ಪಾಜಿ ಹೇಳಿದ ಹೊತ್ತಿಗೆ ಬಂದರು. ನಮ್ಮಲ್ಲಿ ಪತ್ರಿಕೆಯ ಪ್ರೂಫನ್ನು ಮನೆಯ ಯಜಮಾನ ಕೂತು ಗಟ್ಟಿಯಾಗಿ ಓದಬೇಕು, ಪ್ರತಿ ಹೆಸರೂ ಒಮ್ಮೆ ಬಾಯಿಂದ ಬರಬೇಕು. ಓದಿ ಒಪ್ಪಿದ ಮೇಲೆಯೇ ಅಚ್ಚು. ಅಪ್ಪಾಜಿ ಗಂಟಲು ಸರಿಮಾಡಿಕೊಂಡು ಶ್ರೀಕಾರದಿಂದ ಶುರು ಮಾಡಿದರು. ಅಜ್ಜನ ಹೆಸರು ಬಂತು, ದೊಡ್ಡಪ್ಪನ ಹೆಸರಿಗೆ ದನಿ ಸ್ವಲ್ಪ ಮೆತ್ತಗಾಯಿತು. ಅಣ್ಣ, ಅತ್ತಿಗೆ, ಅವರ ಮಕ್ಕಳು. ಆಮೇಲೆ ನನ್ನ ಹೆಸರು. ಅದನ್ನು ಅವರು ಉಳಿದವುಗಳಷ್ಟೇ ಗಟ್ಟಿಯಾಗಿ ಓದಿದರು, ಓದಿ ನಿಲ್ಲಿಸಿದರು.

ಮಾಮನ ಕುರ್ಚಿ ಒಮ್ಮೆ ಕಿರ್ರೆಂದಿತು. ಅಪ್ಪಾಜಿ ಮುಂದುವರಿಸಿದರು. ಅಳಿಯನ ಹೆಸರು ಓದಿದರು. ನನ್ನ ಮಗಳ ಹೆಸರು ಓದಿದರು. ನನ್ನ ಮಗನ ಹೆಸರು ಓದಿದರು. ಆ ಮೂರು ಹೆಸರುಗಳು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಇದೇನ್ರಿ ಇದು?” ಎಂದರು.

“ಏನು ಭಾವ?” ಎಂದರು ಮಾಮ.

“ಇಷ್ಟು ವರ್ಷ ಆತು ಪತ್ರಿಕಿ ಮಾಡಾಕತ್ತೀರಿ. ಮಗಳು ಅಳಿಯನ್ನ ಮೊಮ್ಮಕ್ಕಳ ಕೆಳಗ ಕೂಡಸ್ತಾರೇನ್ರಿ? ಮ್ಯಾಲ ತಗೊಳ್ರಿ, ದೊಡ್ಡಾಂವನ ಬಾಜೂಕ.”

ಮಾಮನ ಮೌಸಿನ ಸದ್ದು ಬಂತು.

ಅಪ್ಪಾಜಿ ಕನ್ನಡಕ ಮಡಚಿ ಡಬ್ಬಿಗೆ ಹಾಕಿದ್ದು ಕೇಳಿಸಿತು. ಎದ್ದು ನಿಂತು ಹೇಳಿದರು: “ಹುಡುಗರ ಹೆಸರು ಬರಾಬರ್ ಅವೇನು ಅಂತ ಒಳಗ ಕುಂತಾಕಿಗೆ ಒಂದ್ ಮಾತು ಕೇಳ್ರಿ.”

ನಾನಿರುವುದು ಅವರಿಗೆ ಹೇಗೆ ತಿಳಿಯಿತೋ. ನಾನು ಪ್ಲೈವುಡ್ಡಿಗೆ ಮುಖ ಹಚ್ಚಿ, “ಬರಾಬರ್ ಅವ್ರಿ ಅಪ್ಪಾಜಿ” ಎಂದೆ. ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ಮಾತು ಅದು. ಕೈಯಲ್ಲಿದ್ದ ಲಕೋಟೆಗಳೆಲ್ಲ ಒದ್ದೆಯಾದವು.

ಆಚೆಯಿಂದ ಕೀಬೋರ್ಡಿನ ಸದ್ದು ಬಂತು. ಮಾಮ ಸೇವ್ ಮಾಡುತ್ತಿದ್ದರು. ಒಂದು ಸಲ ಒತ್ತಿದರೆ ಸಾಕಾಗುವ ಕೆಲಸ. ಮೂರು ಸಲ ಒತ್ತಿದರು.